ಚಿಲಕ ಹಾಕುವಾಗ ಕಳ್ಳ ಒಳಗೇ ಇದ್ದ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಚಿಲಕ ಬಿಗಿಯಾಗಿದೆಯಾ ಅಂತ ಕಳ್ಳನೇ ಒಳಗಿನಿಂದ ಎಳೆದು ನೋಡಿದನಂತೆ.

ಗಾದೆಯ ಮೊದಲರ್ಧ ಹಿರಿಯರದು. ಎರಡನೇ ಅರ್ಧ ಬೆಂಗಳೂರಿನ ಕಾರ್ಖಾನೆ ಬಡಾವಣೆ ಪೀಣ್ಯ ಎರಡನೇ ಹಂತದ್ದು. ನಾನು ಕೆಡಿಸಿದ್ದು ಬರೀ ಗಾದೆಯೊಂದನ್ನೇ ಆಗಿದ್ದರೆ ನಿಮ್ಮ ಮುಂದೆ ಹೀಗೆ ಕೂರುವ ಪಾಳಿ ಬರುತ್ತಿರಲಿಲ್ಲ. ಇದು ನಡೆದ ಕಥೆ. ಕಟ್ಟಿದ ಕಥೆಯಾಗಿದ್ದರೆ ಇದರಲ್ಲಿ ನಾನು ಇನ್ನೂ ಸ್ವಲ್ಪ ಒಳ್ಳೆಯವನಾಗಿರುತ್ತಿದ್ದೆ.

ನನ್ನ ಹೆಸರು ಮನು. ಓದಿದ್ದು ಬಿ.ಎಸ್ಸಿ., ಬಂದದ್ದು ಮಿಮಿಕ್ರಿ. ಕೆಲಸ ಪಂಪುಗಳಿಗೆ ಹಿತ್ತಾಳೆ ಬುಷ್, ಅಂದರೆ ತಿರುಗುವ ದಂಡಕ್ಕೆ ತೊಡಿಸುವ ಬಳೆ, ಕಡೆದುಕೊಡುವ ಒಂದು ಸಣ್ಣ ಯೂನಿಟ್ಟಿನಲ್ಲಿ. ಹನ್ನೊಂದು ಜನ, ಮೂರು ಮಿಷನ್ನು, ಒಂದು ಗಾಜಿನ ಕ್ಯಾಬಿನ್, ಕ್ಯಾಬಿನ್ನಿನಲ್ಲಿ ಒಂದು ಕಂಪ್ಯೂಟರ್. ಯಜಮಾನರು ಚಿಕ್ಕಮುನಿಯಪ್ಪ. ಅವರ ಅಪ್ಪ ರಾಗಿ ಬೆಳೆದ ಜಾಗದಲ್ಲೇ ಶೆಡ್ಡು ಎದ್ದಿದೆ. ಪ್ಯಾಂಟು ಬಂದರೂ ಮಾತು ಪಂಚೆಯಲ್ಲೇ ಇರುವ ಮನುಷ್ಯ.

ನಮ್ಮಲ್ಲಿ ಎರಡು ಪದ್ಧತಿ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಕೃಷ್ಣಮ್ಮ ಗೋಡೆಯ ಗಣಪತಿ ಪಟಕ್ಕೆ ಊದುಬತ್ತಿ ಬೆಳಗಬೇಕು; ಅದಾಗುವ ತನಕ ಯಾವ ಮಿಷನ್ನೂ ಆನ್ ಆಗಕೂಡದು. ಕೃಷ್ಣಮ್ಮ ಬುಷ್ಷಿನ ಅಂಚು ಉಜ್ಜುವ ಕೆಲಸದವರು, ಶಟರಿನ ಕೀಲಿಯೂ ಅವರದೇ ಸೊಂಟದಲ್ಲಿ. ಎರಡನೆಯದು, ಹಳೇ ಮಿಷನ್ ತೆಗೆದು ಹೊಸದು ತಂದರೆ, ಹಳೆಯದರ ಮೇಲಿದ್ದ ಪುಟ್ಟ ದೇವರ ಪಟವನ್ನು ಮೊದಲು ಹೊಸದಕ್ಕೆ ಅಂಟಿಸಬೇಕು. “ಹಳೇದ್ರ ಕಳೆ ಹೊಸದ್ಕೂ ಬರ್ಲಿ ಕಣ್ರಲಾ” ಅನ್ನುತ್ತಾರೆ ಯಜಮಾನರು.

ಇವೆರಡನ್ನೂ ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಕ್ಯಾಬಿನ್ನಿನ ಕಂಪ್ಯೂಟರ್ ಮುಂದೆ ಕೂರುವವನು ಕೊಟ್ರೇಶ್. ಕೊಟ್ಟೂರಿನ ಕಡೆಯವನು, ಟಿ. ದಾಸರಹಳ್ಳಿಯಲ್ಲಿ ಹೆಂಡತಿ ಸೌಮ್ಯಾಳ ಜೊತೆ ಬಾಡಿಗೆ ಮನೆ. ತಯಾರಾದ ಬುಷ್ಷನ್ನು ಅಳೆದು, ಅಳತೆ ಕಂಪ್ಯೂಟರಿಗೆ ಹಾಕಿ, ರಿಪೋರ್ಟ್ ಪ್ರಿಂಟ್ ತೆಗೆಯುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚಿದ್ದರೂ ಬುಷ್ಷನ್ನು ಪಕ್ಕಕ್ಕೆ ಇಟ್ಟುಬಿಡುತ್ತಿದ್ದ. “ಕೊಟ್ರೇಶ ಓಕೆ ಅಂದ್ರೆ ದೇವ್ರೂ ಓಕೆ” ಅನ್ನುವುದು ನಮ್ಮ ಶೆಡ್ಡಿನ ಮಾತು. ಆ ರಿಪೋರ್ಟಿನ ಪ್ರೋಗ್ರಾಂ ಮಾತ್ರ ನನ್ನದು. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ನಾನೇ ಬರೆದುಕೊಟ್ಟಿದ್ದೆ.

ಬರೆದ ಮೇಲೆ ಸುಮ್ಮನಿರಬೇಕಿತ್ತು. ಹುಡುಕುತ್ತಾ ಹುಡುಕುತ್ತಾ ಒಂದು ವಿಷಯ ಗೊತ್ತಾಯಿತು. ಈ ಭಾಷೆ ಪ್ರತಿ ಸಲ ಎದ್ದಾಗಲೂ ನಮ್ಮ ಪ್ರೋಗ್ರಾಂ ಮುಟ್ಟುವ ಮುಂಚೆ ಒಂದು ಚಿಕ್ಕ ಫೈಲನ್ನು ಹುಡುಕಿ ಓದುತ್ತದೆ. ಅದರಲ್ಲಿ ಏನು ಬರೆದಿದೆಯೋ ಅದನ್ನು ಮೊದಲು ಮಾಡಿ ಮುಗಿಸುತ್ತದೆ. ಯಾರು ಬರೆದದ್ದು, ಯಾಕೆ ಬರೆದದ್ದು, ಕೇಳುವುದಿಲ್ಲ. ಸ್ಟಾರ್ಟಪ್ ಫೈಲ್ ಅನ್ನುತ್ತಾರೆ. ವೈಟ್‌ಫೀಲ್ಡ್ ಕಡೆ ಸ್ಟಾರ್ಟಪ್ ಅಂದರೆ ದೊಡ್ಡ ದೊಡ್ಡವರು ಬಂಡವಾಳ ಹೂಡುತ್ತಾರೆ. ಪೀಣ್ಯದ ಈ ಸ್ಟಾರ್ಟಪ್ಪಿನಲ್ಲಿ ನಾನು ನನ್ನ ಗಂಟಲು ಹೂಡಿದೆ.

ಯಜಮಾನರ ದನಿಯಲ್ಲಿ ಎರಡು ಸಾಲು ರೆಕಾರ್ಡ್ ಮಾಡಿ, ಕೊಟ್ರೇಶ ರಿಪೋರ್ಟ್ ತೆರೆದ ಕೂಡಲೇ ಅದು ಸ್ಪೀಕರಿನಲ್ಲಿ ಕೂಗುವ ಹಾಗೆ ಆ ಫೈಲಿನಲ್ಲಿ ಬರೆದಿಟ್ಟೆ. ಸೋಮವಾರ ಬೆಳಿಗ್ಗೆ ಅವನು ಟೀ ಲೋಟ ಹಿಡಿದು ಕೂತ. ಮೌಸ್ ಒತ್ತಿದ.

“ಲೇ ಕೊಟ್ರೇಸಾ! ಬುಸ್ ಅಳೀತಿದ್ದೀಯೋ, ಟೀ ಅಳೀತಿದ್ದೀಯೋ? ಬಾರ್ಲಾ ಇಲ್ಲಿ!”

“ಬಂದೆ ಸಾರ್!” ಅಂತ ಕೊಟ್ರೇಶ ಚಂಗನೆ ಎದ್ದ. ಸ್ಟೂಲು ಒಂದು ಕಡೆ, ಲೋಟ ಒಂದು ಕಡೆ. ಬಾಗಿಲ ತನಕ ಓಡಿ ನೋಡುತ್ತಾನೆ, ಯಜಮಾನರು ಇನ್ನೂ ಬಂದೇ ಇಲ್ಲ. ಶೆಡ್ಡೆಲ್ಲಾ ಘೊಳ್ಳೆಂದಿತು. ಕೃಷ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ವಿಷಯ ಗೊತ್ತಾದ ಮೇಲೆ ಕೊಟ್ರೇಶನೂ ನಕ್ಕ. ಅವನ ನಗು ಮೊದಲು ಒಣಗಿದ ಬೇರಿಂಗಿನ ಹಾಗೆ ಕೀರಲು, ಆಮೇಲೆ ಲಾರಿ ಸ್ಟಾರ್ಟಾದ ಹಾಗೆ ದಡದಡ. ಎಲ್ಲರಿಗಿಂತ ಜೋರು.

“ಏನ್ ಮಾರಾಯಾ, ಎದಿ ಒಡದಿತ್ತು ನಂದು” ಅಂದ, ಕಣ್ಣೊರೆಸಿಕೊಳ್ಳುತ್ತಾ. “ತಗದುಬಿಡಪಾ ಅದನ್ನ.”

ಒಂದು ವಾರದ ಮಟ್ಟಿಗೆ ತೆಗೆದೆ. ಮತ್ತೆ ಹಾಕಿದೆ. ಒಮ್ಮೆ ಅವನ ಮಾವನ ದನಿ, ಒಮ್ಮೆ ಮೆಟ್ರೋದಲ್ಲಿ ನಿಲ್ದಾಣದ ಹೆಸರು ಹೇಳುವ ಹೆಂಗಸಿನ ದನಿ. ಹೀಗೆ ಎರಡು ತಿಂಗಳಲ್ಲಿ ಕೊಟ್ರೇಶನಿಗೆ ಒಂದು ಪಾಠ ಕಲಿಸಿಬಿಟ್ಟಿದ್ದೆ: ಕಂಪ್ಯೂಟರಿನಲ್ಲಿ ಏನೇ ವಿಚಿತ್ರ ಆದರೂ ಅದು ಮನುವಿನ ಕೈವಾಡ, ನಕ್ಕು ಮುಂದೆ ಹೋಗು.

ಇಷ್ಟು ಚೆನ್ನಾಗಿ ನಾನು ಬೇರೇನನ್ನೂ ಯಾರಿಗೂ ಕಲಿಸಿಲ್ಲ.

ಗಣೇಶನ ಹಬ್ಬ ಮುಗಿದ ವಾರ ಅವನಿಗೊಂದು ಇ-ಮೇಲ್ ಬಂತು. ನಮ್ಮಿಂದ ಬುಷ್ ಕೊಳ್ಳುವ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯ ಹೆಸರು, ‘ಡ್ರಾಯಿಂಗ್ ತಿದ್ದಲಾಗಿದೆ, ನೋಡಿ’ ಅಂತ ಒಕ್ಕಣೆ. ಒತ್ತಿದ. ಡ್ರಾಯಿಂಗ್ ತೆರೆಯಲಿಲ್ಲ. ಪರದೆಯ ಮೇಲೆ ಕಪ್ಪು ಕಿಟಕಿಯೊಂದು ರೆಪ್ಪೆ ಬಡಿಯುವಷ್ಟರಲ್ಲಿ ಬಂದು ಹೋಯಿತು. ಅಂದಿನಿಂದ ರಿಪೋರ್ಟ್ ತೆರೆದಾಗಲೆಲ್ಲ ಅದೇ ಕಪ್ಪು ಕಿಟಕಿ, ಫಳಕ್ ಅಂತ.

ಮಧ್ಯಾಹ್ನ ಊಟದ ಹೊತ್ತಿಗೆ ಕೊಟ್ರೇಶ ಕೇಳಿದ.

“ಏನಲೇ ಮನು, ಈ ಸರ್ತಿ ಹೊಸಾ ದನಿ ಇಲ್ಲ, ಬರೇ ಕಪ್ಪು ಪರದಿ? ಇದೂ ನಿಂದೇನು?”

ನಾನು ಎರಡು ವಾರದಿಂದ ಆ ಫೈಲನ್ನು ಮುಟ್ಟಿರಲಿಲ್ಲ. ‘ಅಲ್ಲ’ ಅನ್ನಬೇಕಿತ್ತು. ಒಂದೇ ಪದ. ಆದರೆ ಸುತ್ತ ನಾಲ್ಕು ಜನ ಕೂತಿದ್ದರು, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಗಂಟಲು ತಾನೇ ಯಜಮಾನರದಾಯಿತು: “ಟ್ರೈಲರ್ರು ಕಣ್ಲಾ ಕೊಟ್ರೇಸಾ. ಪಿಚ್ಚರ್ರು ಮುಂದೈತೆ!”

ಎಲ್ಲರೂ ನಕ್ಕರು. ಕೊಟ್ರೇಶನೂ ನಕ್ಕು, ರೊಟ್ಟಿ ಮುರಿದು ನನಗೊಂದು ತುಂಡು ಕೊಟ್ಟ.

ಪಿಚ್ಚರು ಮೂರು ವಾರಕ್ಕೆ ಬಂತು. ಎಲೆಕ್ಟ್ರಾನಿಕ್ ಸಿಟಿಯಿಂದ ಫೋನು. ಅವರ ಹೊಸ ಪಂಪಿನ ಡ್ರಾಯಿಂಗು, ನಮ್ಮ ಯೂನಿಟ್ಟಿಗೆ ಮಾತ್ರ ಕೊಟ್ಟದ್ದು, ಹೊರಗೆಲ್ಲೋ ಮಾರಾಟಕ್ಕೆ ಕೂತಿದೆ. ಅದರ ಮೂಲೆಯಲ್ಲಿ ನಮ್ಮ ಯೂನಿಟ್ಟಿನ ಹೆಸರು, ಕೆಳಗೆ ಕೊಟ್ರೇಶನ ಲಾಗಿನ್ ಗುರುತು.

ಯಜಮಾನರು ಬೆವೆತರು. ಪಾಸ್‌ವರ್ಡ್ ಬದಲಾಯಿಸಿದೆವು. ಆಂಟಿವೈರಸ್ ಓಡಿಸಿದೆವು, ಆ ಇ-ಮೇಲಿನ ಫೈಲು ಸಿಕ್ಕಿತು, ಅಳಿಸಿದೆವು. ಪೈಥಾನನ್ನೇ ಕಿತ್ತುಹಾಕಿ ಮತ್ತೆ ಹಾಕಿದೆವು. ಈ ಕೆಲಸವೆಲ್ಲ ಮಾಡಿದವನು ನಾನೇ. ಅದಕ್ಕೂ ಮುಂಚೆ ಕದ್ದುಮುಚ್ಚಿ ಇನ್ನೊಂದು ಕೆಲಸ ಮಾಡಿದ್ದೆ. ಹೊರಗಿನವರು ಬಂದು ನೋಡಿದರೆ ನನ್ನ ಆಟ ಬಯಲಾದೀತು ಅಂತ ಆ ಸ್ಟಾರ್ಟಪ್ ಫೈಲ್ ತೆರೆದು, ಮೇಲಿದ್ದ ನನ್ನ ಸಾಲುಗಳನ್ನು ಓಡದ ಹಾಗೆ ಕಟ್ಟಿಹಾಕಿದೆ. ಅಳಿಸಲಿಲ್ಲ, ಎಲ್ಲ ತಣ್ಣಗಾದ ಮೇಲೆ ಮತ್ತೆ ಬೇಕಾಗಬಹುದು ಅಂತ. ಬೇಗ ಸೇವ್ ಒತ್ತಿ ಮುಚ್ಚಿದೆ.

ಕೆಳಗೆ ಸರಿಸಿ ನೋಡಲಿಲ್ಲ. ಮೌಸಿನ ಚಕ್ರ ಎರಡು ಸುತ್ತು. ಅಷ್ಟು ತಿರುಗಿಸಿದ್ದರೆ ಈ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ನಾಲ್ಕು ದಿನಕ್ಕೆ ಮತ್ತೆ ಫೋನು. ಇನ್ನೊಂದು ಡ್ರಾಯಿಂಗ್ ಹೋಗಿದೆ.

“ಆ ಡಬ್ಬಾನೇ ಸರಿ ಇಲ್ಲ ಕಣ್ಲಾ” ಅಂದರು ಯಜಮಾನರು. ಆಯುಧಪೂಜೆಗೆ ಸರಿಯಾಗಿ ಹೊಸ ಕಂಪ್ಯೂಟರ್ ಬಂತು. ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದಾಯಿತು. ಹಳೆಯದರ ಮೇಲಿದ್ದ ಪುಟ್ಟ ಪಟವನ್ನು ಕೃಷ್ಣಮ್ಮ ಹೊಸದಕ್ಕೆ ಅಂಟಿಸಿದರು. ನಾನೂ ನನ್ನ ಪಾಲಿನ ಪದ್ಧತಿ ಮಾಡಿದೆ: ಕೊಟ್ರೇಶನ ಹಳೇ ಸೆಟ್ಟಿಂಗ್ ಎಲ್ಲ ಹಾಗೇ ಇರಲಿ ಅಂತ ಅವನ ಹೆಸರಿನ ಇಡೀ ಫೋಲ್ಡರನ್ನು, ಒಂದನ್ನೂ ಬಿಡದೆ, ಬಿಚ್ಚಿ ನೋಡದೆ, ಹೊಸದಕ್ಕೆ ಸುರಿದೆ.

ಹಳೆಯದರ ಕಳೆ ಹೊಸದಕ್ಕೂ ಬಂತು.

ಮೂರನೇ ಸಲ ಫೋನು ಬಂದಾಗ ಯಜಮಾನರು ಕೂಗಾಡಲಿಲ್ಲ. ಅದು ಇನ್ನೂ ಕಷ್ಟ. ಕೊಟ್ರೇಶನನ್ನು ಕರೆದು ಕೂರಿಸಿಕೊಂಡರು.

“ಬೀಗ ಬದ್ಲಾಯ್ಸಿದೋ. ಡಬ್ಬಾನೂ ಬದ್ಲಾಯ್ಸಿದೋ. ಬದ್ಲಾಗ್ದೆ ಇರೋದು ಒಂದೇ, ನೀನು. ನಾನೇನೂ ಅನ್ನಾಕಿಲ್ಲ ಕಣಪ್ಪಾ. ಇದು ಇತ್ಯರ್ಥ ಆಗೋಗಂಟ ಮನೇಲಿರು.”

“ಸಾರ್, ನಾನು ಬುಷ್‌ನಾಗ ಕೂದಲೆಳಿ ಸುಳ್ಳು ಬರದವನಲ್ಲ...”

“ಅದಕ್ಕೇ ನಂಬಿದ್ದೆ” ಅಂದರು ಯಜಮಾನರು, ಮುಖ ಆಚೆ ತಿರುಗಿಸಿ.

ಕೊಟ್ರೇಶ ಅಳತೆಯ ಮೈಕ್ರೋಮೀಟರನ್ನು ಒರೆಸಿ, ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ ಹೋದ. ಹೋಗುವಾಗ ನನ್ನ ಕಡೆ ನೋಡಿದ.

ಆ ಫೈಲಿನ ಮೇಲೆ ನನಗೆ ಅನುಮಾನ ಬಂದಿರಲಿಲ್ಲವೇ? ಬಂದಿತ್ತು. ಆದರೆ ಅದರ ವಿಷಯ ಎತ್ತಿದರೆ ಮೊದಲು ಸಿಗುವುದು ನನ್ನ ಗಂಟಲು. ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಊರಿನವರ ದನಿಯೆಲ್ಲ ಬರುತ್ತಿದ್ದ ಬಾಯಿಗೆ ತನ್ನದೊಂದು ಮಾತು ಬರಲಿಲ್ಲ.

ಆ ಹನ್ನೊಂದು ದಿನ ಕೊಟ್ರೇಶ ಏನು ಮಾಡಿದ ಅಂತ ಆಮೇಲೆ ಸೌಮ್ಯಾ ಹೇಳಿದಳು. ದಸರೆಗೆ ಬಂದ ಅವಳ ಅಪ್ಪ ಅಮ್ಮ ಇನ್ನೂ ಮನೆಯಲ್ಲೇ ಇದ್ದರು. ಅವರ ಮುಂದೆ ಕೆಲಸ ನಿಂತ ಮಾತು ಆಡಲಾರದೆ, ಅವನು ದಿನಾ ಎಂಟಕ್ಕೆ ಬುತ್ತಿ ಹಿಡಿದು ಹೊರಡುತ್ತಿದ್ದ. ಪಾರ್ಕಿನಲ್ಲಿ ಕೂತು, ಹೊತ್ತು ಕಳೆದು, ಸಂಜೆ ಬರುತ್ತಿದ್ದ. ಐದನೇ ದಿನ ಸೌಮ್ಯಾಳಿಗೆ ಗೊತ್ತಾಯಿತು. ಹೇಗೆ? ಬುತ್ತಿ ಡಬ್ಬಿ ತೊಳೆದುಕೊಂಡು ಬಂದಿತ್ತು. ಶೆಡ್ಡಿನಲ್ಲಿ ಡಬ್ಬಿ ತೊಳೆಯುವಷ್ಟು ಪುರುಸೊತ್ತು ಯಾವತ್ತೂ ಇರುವುದಿಲ್ಲ.

ಹನ್ನೆರಡನೇ ದಿನ ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ತನ್ನ ಕಡೆಯಿಂದ ಒಬ್ಬರನ್ನು ಕಳಿಸಿತು. ಶೀತಲ್ ಅಂತ ಹೆಸರು, ಅಲ್ಲಿ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವವರು. ಶಟರ್ ತೆಗೆಯುವ ಹೊತ್ತಿಗೇ ಬಂದು ನಿಂತಿದ್ದರು. ಕೃಷ್ಣಮ್ಮ ಊದುಬತ್ತಿ ಬೆಳಗುವವರೆಗೂ ಚಪ್ಪಲಿ ಬಿಟ್ಟು ಸುಮ್ಮನೆ ನೋಡಿದರು.

ಯಜಮಾನರಿಗೆ ನಂಬಿಕೆ ಇರಲಿಲ್ಲ. “ಬೀಗ ಬದ್ಲಾಯ್ಸಿದ್ವಿ ಮೇಡಂ, ಕೊನೀಗೆ ಮನೇನೇ ಬದ್ಲಾಯ್ಸಿದ್ವಿ. ಇನ್ನೂ ಕಳ್ತನ ಆಯ್ತದೆ ಅಂದ್ರೆ ಮನೆಯೋನೇ ಅಲ್ವಾ ಕಳ್ಳ?”

“ಮನೆ ಬದಲಾಯಿಸಿದಾಗ ಸಾಮಾನು ಹೊಸದು ತಂದ್ರಾ ಸಾರ್, ಹಳೇದೇ ತುಂಬ್ಕೊಂಡು ಬಂದ್ರಾ?”

“ಹಳೇದೇ. ಇವ್ನೇ ತುಂಬಿದ್ದು.” ಬೆರಳು ನನ್ನ ಕಡೆ.

“ಮೂಟೆ ಬಿಚ್ಚಿ ನೋಡಿ ತುಂಬಿದ್ರಾ?” ಅಂತ ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ, ಇಲ್ಲ ಅಂತ.

“ಪಾಸ್‌ವರ್ಡ್ ಬದಲಾಯಿಸಿದ್ದು ಎಲ್ಲಿ ಕೂತು?”

“ಆ ಹಳೇ ಕಂಪ್ಯೂಟರಲ್ಲೇ ಮೇಡಂ.”

“ಅಂದ್ರೆ ಕಳ್ಳ ಒಳಗಿರುವಾಗಲೇ ಹೊಸ ಕೀಲಿ ಮಾಡಿಸಿದ್ರಿ. ಒಂದು ಅವನೂ ಇಟ್ಕೊಂಡ.”

“ಅಯ್ಯೋ ಮೇಡಂ” ಅಂದರು ಯಜಮಾನರು. “ಆಂಟಿವೈರಸ್ಸು ಈಗ ಏನೂ ಇಲ್ಲ ಅಂತದಲ್ಲಾ. ಆ ಪೈತಾನೂ ಕಿತ್ತಾಕಿದ್ವಿ. ಕಳ್ಳ ಎಲ್ಲಿ ಕೂತ್ಕಂಡವ್ನೆ, ಗಾಳೀಲಾ?”

ಶೀತಲ್ ಕಂಪ್ಯೂಟರಿನ ಇಂಟರ್ನೆಟ್ ತಂತಿ ಕಿತ್ತು ಪಕ್ಕಕ್ಕಿಟ್ಟರು. ಆಮೇಲೆ ಗೋಡೆ ತೋರಿಸಿದರು. “ಕೃಷ್ಣಮ್ಮ, ದಿನಾ ಪಟಕ್ಕೆ ಪೂಜೆ ಮಾಡ್ತೀರಲ್ಲ, ಅದರ ಹಿಂದೆ ಏನಿದೆ ಹೇಳಿ?”

“ಹಿಂದ್ಗಡೆ ಯಾರ್ ನೋಡ್ತಾರವ್ವಾ?”

“ಈಗ ಒಂದ್ಸಲ ನೋಡಿ.”

ಕೃಷ್ಣಮ್ಮ ಪಟವನ್ನು ಎರಡು ಬೆರಳಲ್ಲಿ ಎತ್ತಿದರು. ಅಂಗೈಯುದ್ದದ ಹಲ್ಲಿಯೊಂದು ಥಟ್ಟನೆ ಬಿದ್ದು ಯಜಮಾನರ ಕಾಲ ಮೇಲೆ ಓಡಿತು. ಯಜಮಾನರು ಕುಣಿದ ಕುಣಿತ, ಬೇರೆ ದಿನವಾಗಿದ್ದರೆ, ಆರು ತಿಂಗಳ ಮಿಮಿಕ್ರಿಗೆ ಸಾಮಗ್ರಿ ಆಗುತ್ತಿತ್ತು.

“ಇಲ್ಲಿ ಪೂಜೆ ಆಗದೆ ಮಿಷನ್ ಆನ್ ಆಗಲ್ಲ ಅಲ್ವಾ ಸಾರ್? ಪೈಥಾನಿಗೂ ಹಾಗೇ ಒಂದು ಮೊದಲ ಪೂಜೆ ಇದೆ. ಸ್ಟಾರ್ಟಪ್ ಫೈಲ್ ಅಂತಾರೆ. ಎದ್ದ ಕೂಡಲೇ ಅದನ್ನ ಓದುತ್ತೆ, ಅಲ್ಲಿರೋದನ್ನ ಮಾಡುತ್ತೆ, ಆಮೇಲೆ ನಿಮ್ಮ ರಿಪೋರ್ಟು. ಆ ಫೈಲು ಒಳ್ಳೇದಕ್ಕೇ ಇರೋದು. ಆದರೆ ದಿನಾ ನಡೆಯುತ್ತೆ, ಯಾರೂ ಅದರ ಹಿಂದೆ ನೋಡಲ್ಲ. ಕಳ್ಳನಿಗೆ ಇನ್ನೇನು ಬೇಕು? ನಾಲ್ಕು ಸಾಲು ಬರೆದಿಟ್ಟು ಹೋದರೆ, ನೀವೇ ದಿನಾ ಬೆಳಿಗ್ಗೆ ಶಟರ್ ಎತ್ತಿ ಅವನನ್ನ ಒಳಗೆ ಕರೀತೀರಿ.”

“ಕಿತ್ತಾಕಿದ್ವಲ್ಲ ಮತ್ತೆ?”

“ಪೈಥಾನ್ ಕಿತ್ತ್ರಿ. ಈ ಫೈಲು ಇರೋದು ಅದರ ಜೊತೆ ಅಲ್ಲ, ಕೊಟ್ರೇಶ್ ಅವರ ಫೋಲ್ಡರಿನೊಳಗೆ. ಬಾಡಿಗೆಯವರು ಖಾಲಿ ಮಾಡಿದ್ರೂ ಗೋಡೆ ಮೊಳೆ ಹಾಗೇ ಇರುತ್ತಲ್ಲ, ಹಾಗೆ. ಪೈಥಾನ್ ಒಂದೇ ಅಲ್ಲ ಸಾರ್, ಬೇರೆ ಭಾಷೆಗಳಿಗೂ, ಕಂಪ್ಯೂಟರಿಗೆ ನೇರವಾಗಿ ಅಪ್ಪಣೆ ಕೊಡೋ ಕಪ್ಪು ಕಿಟಕಿಗೂ ಇಂಥದ್ದೊಂದು ಫೈಲ್ ಇರುತ್ತೆ. ನೋಡೋಣ ತಡೀರಿ.”

ತೆರೆದರು. ಮೊದಲ ಸಾಲು ನೋಡಿ ಹುಬ್ಬು ಗಂಟಿಕ್ಕಿದರು. ಗಟ್ಟಿಯಾಗಿ ಓದಿದರು: “‘ಯಜಮಾನರ ಸುಪ್ರಭಾತ.’ ಏನಿದು? ಒಂದು ಆಡಿಯೋ ಫೈಲ್ ಹೆಸರೂ ಇದೆ.” ಚಕ್ರ ಕೆಳಗೆ ತಿರುಗಿಸಿದರು. ಖಾಲಿ, ಖಾಲಿ, ಖಾಲಿ. ಆಮೇಲೆ ಅರ್ಥವಾಗದ ಅಕ್ಷರಗಳ ನಾಲ್ಕು ಸಾಲು. “ಇಗೋ. ಇವನೇ. ಪ್ರತಿ ಸಲ ಹೊರಗಿನ ಒಂದು ವಿಳಾಸಕ್ಕೆ ಹೋಗಿ, ಅಪ್ಪಣೆ ಕೇಳ್ಕೊಂಡು ಬರ್ತಿದ್ದಾನೆ. ಆದರೆ ಮೇಲಿರೋದು? ಅದೂ ಇವನದೇನಾ?”

‘ಹೌದು ಮೇಡಂ, ಅವನದೇ ಇರಬೇಕು’ ಅಂದುಬಿಟ್ಟರೆ ಮುಗಿಯಿತು. ಕಳ್ಳನ ತಲೆಗೆ ಇನ್ನೊಂದು ತಪ್ಪು, ಅವನಿಗೇನು ಭಾರ? ಯಜಮಾನರನ್ನು ಬಿಟ್ಟು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕೃಷ್ಣಮ್ಮ ಪಟವನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು.

“ಅದು ನಂದು ಮೇಡಂ” ಅಂದೆ.

ಎಲ್ಲ ಹೇಳಿದೆ. ದನಿ ರೆಕಾರ್ಡ್ ಮಾಡಿದ್ದು, ಕಪ್ಪು ಕಿಟಕಿ ಬಂದಾಗ ಕೊಟ್ರೇಶ ಕೇಳಿದ್ದು, ನಾನು ಟ್ರೈಲರ್ ಅಂದದ್ದು, ನನ್ನ ಸಾಲಿಗೆ ಮಾತ್ರ ಮುಸುಕು ಹಾಕಿ ಮುಚ್ಚಿದ್ದು.

“ಕೇಳ್ಸು ಅದನ್ನ” ಅಂದರು ಯಜಮಾನರು.

ಕೇಳಿಸಿದೆ. ‘ಲೇ ಕೊಟ್ರೇಸಾ! ಬಾರ್ಲಾ ಇಲ್ಲಿ!’ ಅಂತ ಅವರದೇ ದನಿ ಶೆಡ್ಡಿನಲ್ಲಿ ಮೊಳಗಿತು. ಒಬ್ಬರೂ ನಗಲಿಲ್ಲ. ಖಾಲಿ ಸ್ಟೂಲನ್ನೇ ಕರೆದ ಹಾಗಿತ್ತು.

“ನನ್ ದನೀಲಿ ನೀನು ಅವ್ನನ್ನ ಕರ್ದೆ. ನನ್ ದನೀಲಿ ನಾನೇ ಅವ್ನನ್ನ ಓಗು ಅಂದೆ. ಯಾವ್ದು ದೊಡ್ ತಪ್ಪು ಏಳ್ಲಾ?”

ಇಬ್ಬರೂ ಆ ಮಧ್ಯಾಹ್ನವೇ ಟಿ. ದಾಸರಹಳ್ಳಿಗೆ ಹೋದೆವು. ಯಜಮಾನರು ಬಾಗಿಲಲ್ಲೇ ಕೈ ಮುಗಿದರು. “ತಪ್ಪಾಯ್ತು ಕಣಪ್ಪಾ ಕೊಟ್ರೇಸಾ. ಕಳ್ಳ ಸಿಕ್ದ. ನಿನ್ನ ಮಾವನೋರ ಮುಂದೇನೇ ಏಳ್ತೀನಿ, ನೀನು ಚಿನ್ನ.” ಕೊಟ್ರೇಶ ಅವರ ಕೈ ಹಿಡಿದು ಇಳಿಸಿ, ಕೂರಿಸಿದ. ಸೌಮ್ಯಾ ನೀರು ತಂದಳು. ನನಗೂ ಕೊಟ್ಟಳು, ಲೋಟ ನನ್ನ ಕೈಗಿಡದೆ, ಪಕ್ಕದ ಕಿಟಕಿ ಕಟ್ಟೆ ಮೇಲೆ ಇಟ್ಟಳು.

ನಾನು ಏನೇನೋ ಅಂದೆ. ಕೊಟ್ರೇಶ ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ.

“ದನಿ ಹಾಕಿದ್ದಕ್ಕ ಸಿಟ್ಟಿಲ್ಲಪಾ, ನಾನೂ ನಕ್ಕೀನಿ. ಆದರ ನಾನು ನಿನ್ನ ಕೇಳಿದ್ದೆ ಮನು. ಇದು ನಿಂದೇನು ಅಂತ ಕೇಳಿದ್ದೆ. ಅಲ್ಲ ಅಂದಿದ್ರ ಸಾಕಿತ್ತು.”



ಕೊಟ್ರೇಶ ಮರುದಿನ ಕೆಲಸಕ್ಕೆ ಬಂದ. ಶೀತಲ್ ಮೇಡಂ ಕಂಪ್ಯೂಟರನ್ನು ಬುಡದಿಂದ ತೊಳೆದು, ಅಳತೆಯ ಪಟ್ಟಿಗಳನ್ನು ಮಾತ್ರ ಒಂದೊಂದಾಗಿ ನೋಡಿ ಒಳಗೆ ಬಿಟ್ಟರು. ಪಾಸ್‌ವರ್ಡುಗಳನ್ನು ಆಮೇಲೆ, ಬೇರೆ ಕಂಪ್ಯೂಟರಿನಿಂದ ಬದಲಾಯಿಸಿದರು. ಸೈಬರ್ ಠಾಣೆಗೆ ದೂರು ಹೋಯಿತು. ಆ ಹೊಸ ಪಂಪಿನ ಕೆಲಸ ಮಾತ್ರ ನಮಗೆ ವಾಪಸ್ ಬರಲಿಲ್ಲ. ಬೊಮ್ಮನಹಳ್ಳಿ ಕಡೆಯ ಇನ್ನೊಂದು ಯೂನಿಟ್ಟಿಗೆ ಹೋಯಿತು. ಅದಕ್ಕೆ ಅಂತ ತಂದು ನಿಲ್ಲಿಸಿದ್ದ ಮೂರನೇ ಮಿಷನ್ನು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ. ಕೃಷ್ಣಮ್ಮ ದಿನಾ ಅದಕ್ಕೂ ಊದುಬತ್ತಿ ಬೆಳಗುತ್ತಾರೆ.

ಯಜಮಾನರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬೇರೆ ಶಿಕ್ಷೆ ಕೊಟ್ಟರು. “ನಿನ್ ಗಂಟ್ಲಿಂದ ಒಬ್ಬ ಕೆಟ್ಟ. ಅದೇ ಗಂಟ್ಲಲ್ಲಿ ನೂರು ಜನಕ್ಕೆ ಬುದ್ಧಿ ಏಳು. ನನ್ ದನೀಲೇ ಏಳು, ಪರ್ವಾಗಿಲ್ಲ.” ಹಾಗಾಗಿ ಸುತ್ತಲ ಯೂನಿಟ್ಟುಗಳಿಗೆ ಕೇಳಿಸಲು ಈ ಮಾತು ರೆಕಾರ್ಡ್ ಮಾಡಲು ಕೂತೆ. “ಲೇ ಕೇಳ್ರಲಾ...” ಅಂತ ಶುರು ಮಾಡುವಷ್ಟರಲ್ಲಿ ಕೊಟ್ರೇಶ ಕೈ ಅಡ್ಡ ಹಿಡಿದ.

“ಬ್ಯಾಡಪಾ. ಈ ಸರ್ತಿ ನಿನ್ನ ದನಿಯಾಗ ಹೇಳು.”

ನನ್ನ ದನಿ ಹೇಗಿದೆ ಅಂತ ನನಗೇ ಮರೆತಿತ್ತು. ಎರಡು ಸಲ ಕೆಮ್ಮಿ, ಹೀಗೆ ಹೇಳಿದೆ:

ಅಣ್ಣಂದಿರೇ, ಅಕ್ಕಂದಿರೇ, ಕಂಪ್ಯೂಟರ್ ಮುಂದೆ ಕೂರುವ ಎಲ್ಲರೇ. ನಿಮ್ಮ ಪರದೆಯ ಮೇಲೆ ನೀವು ಕರೆಯದ ಕಿಟಕಿ ಬಂದು ಹೋದರೆ ನಗಬೇಡಿ, ಬೈಸಿಕೊಂಡೇನು ಅಂತ ಹೆದರಲೂ ಬೇಡಿ. ಇಂಟರ್ನೆಟ್ ತಂತಿ ಕಿತ್ತು, ಬಲ್ಲವರನ್ನು ಕರೆಯಿರಿ. ಯಾರಾದರೂ ‘ಇದು ನಿಂದಾ?’ ಅಂತ ನಿಮ್ಮನ್ನು ಕೇಳಿದರೆ ನಿಜ ಹೇಳಿ. ಕಳ್ಳತನ ಆದ ಮೇಲೆ ಪಾಸ್‌ವರ್ಡ್ ಬದಲಾಯಿಸಿದರೆ, ಪ್ರೋಗ್ರಾಂ ಕಿತ್ತು ಹಾಕಿದರೆ ಮುಗಿಯಲಿಲ್ಲ. ಕಂಪ್ಯೂಟರ್ ಎದ್ದಾಗ, ಪೈಥಾನಿನಂಥ ಭಾಷೆ ಎದ್ದಾಗ ತಾನಾಗಿ ಓದುವ ಫೈಲುಗಳು ಯಾವುವು, ಅವುಗಳಲ್ಲಿ ಏನಿದೆ, ಕೊನೆಯ ಸಾಲಿನ ತನಕ ನೋಡಿಸಿ. ಚೊಕ್ಕವಾಗಿದ್ದಾಗಲೇ ಒಂದು ನಕಲು ತೆಗೆದಿಡಿ, ಆಗಾಗ ಹೋಲಿಸಿ ನೋಡಿ. ಹೊಸ ಕಂಪ್ಯೂಟರಿಗೆ ಹಳೇ ಫೋಲ್ಡರನ್ನು ಇಡಿಯಾಗಿ ಸುರಿಯಬೇಡಿ; ಬೇಕಾದ ಕಾಗದ ಮಾತ್ರ, ಬಿಚ್ಚಿ ನೋಡಿ ಒಯ್ಯಿರಿ. ಹೊಸ ಕೀಲಿಯನ್ನು ಕಳ್ಳ ಹೊರಗೆ ಹೋದ ಮೇಲೆ ಮಾಡಿಸಿ. ಮೋಸ ಹೋಗಿದ್ದರೆ ಸೈಬರ್ ಠಾಣೆಗೆ ಹೋಗಿ, ಇಲ್ಲವೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇದೆಲ್ಲಕ್ಕಿಂತ ಮೊದಲು, ಬೀಗ ಮುರಿಯದೆ ಕಳ್ಳತನ ಆಗಿದೆ ಅಂತ ಕೀಲಿ ಹಿಡಿದವನ ಮೇಲೆ ಬೆರಳು ತೋರಿಸುವ ಮುಂಚೆ, ದಯವಿಟ್ಟು, ಪಟದ ಹಿಂದೆ ಒಮ್ಮೆ ನೋಡಿ.

ಇಷ್ಟು ಹೇಳಿ ನಿಲ್ಲಿಸಿದೆ.

ಟೀ ಹೊತ್ತಿನಲ್ಲಿ ಅದನ್ನು ಎಲ್ಲರಿಗೂ ಕೇಳಿಸಿದೆವು. ಮುಗಿದ ಮೇಲೆ ಎಲ್ಲರೂ ಲೋಟ ಕೈಗೆತ್ತಿಕೊಂಡರು. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಲ್ಲಿಸುತ್ತಿದ್ದ ಯಜಮಾನರು, ಈ ಸಲ ನಿಜವಾದವರು, ಅಲ್ಲಿಂದಲೇ ಕೂಗಿದರು: “ಲೇ ಕೊಟ್ರೇಸಾ! ಬಾರ್ಲಾ ಇಲ್ಲಿ!”

ಕೊಟ್ರೇಶ ಏಳಲಿಲ್ಲ. ಟೀ ಗುಟುಕರಿಸುತ್ತಾ ನನ್ನ ಬಾಯಿಯನ್ನೇ ನೋಡಿದ. ನಾನು ಎರಡೂ ಕೈ ಮೇಲೆತ್ತಿದೆ. “ನಂದಲ್ಲ ಕಣೋ! ಆಣೆಗೂ ನಂದಲ್ಲ!”

“ಅಯ್ಯೋ ಇವ್ನ” ಅಂತ ಕೊಟ್ರೇಶ ಎದ್ದ. ಸ್ಟೂಲು ಒಂದು ಕಡೆ, ಲೋಟ ಒಂದು ಕಡೆ. “ಬಂದೆ ಸಾರ್!”

ಕೃಷ್ಣಮ್ಮನಿಂದ ಶುರುವಾದ ನಗು ಮೂರೂ ಮಿಷನ್ ದಾಟಿ ಬಾಗಿಲಿಗೆ ಹೋಯಿತು. ನಾನು ನಗಲಿಲ್ಲ, ಕಿವಿಗೊಟ್ಟು ಕಾದೆ. ಮೊದಲು ಆ ಕೀರಲು, ಒಣಗಿದ ಬೇರಿಂಗಿನದು, ಬರುತ್ತೋ ಇಲ್ಲವೋ ಅನ್ನುವಷ್ಟು ತಡವಾಗಿ ಬಂತು. ಆಮೇಲೆ ಬಾಗಿಲಿಗೆ ಒರಗಿಕೊಂಡು, ಹೊಟ್ಟೆ ಹಿಡಿದುಕೊಂಡು, ಎಲ್ಲರಿಗಿಂತ ಜೋರಾಗಿ ಕೊಟ್ರೇಶ ನಗುತ್ತಿದ್ದ.